ಹಸಿರು ಓಢಣಿ ಕಂಡು ಕಪ್ಪಾಗುತ್ತಿದ್ದ ಮೀನುಗಳು

ಅಬ್ದುಲಸಮದ ನಮ್ಮ ಮನೆಗೆ ಬಂದಾಗ ಬೆಳಗಿನ ಎಂಟು ಗಂಟೆ. ನಾನು ಮಕ್ಕಳನ್ನು ಸಾಲೆಗೆ ಕಳಿಸಿ ರೊಟ್ಟಿ ಬಡಿಯುತ್ತಿದ್ದೆ. ಆತ ಬಾಗಿಲಲ್ಲೇ ನಿಂತು, "ನರ್ಸಬಾಯಾರು ಅದಾರೇನ್ರಿ?" ಎಂದು ಕೇಳಿದ.

ನರ್ಸಬಾಯಿ ಎಂದರೆ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ನೀಲಾಬಾಯಿ. ಸರಕಾರಿ ಕೆಲಸದಲ್ಲಿ ಹೆರಿಗೆ ಮಾಡಿಸಿ ಮಾಡಿಸಿ ನಿವೃತ್ತರಾದವರು. ಎಪ್ಪತ್ತಾರನೆಯ ಇಸವಿಯ ಹೊತ್ತಿಗೆ ವಿಜಾಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಪೊಲೀಸರಿಗೆ ಹೇಳಲಾಗದ ಸಂಗತಿ ಏನಿದ್ದರೂ ಜನ ಅವರಿಗೆ ಹೇಳುತ್ತಿದ್ದರು. ಅವರು ಹೋದಲ್ಲಿ ನಾನೂ ಹೋಗುತ್ತಿದ್ದೆ. ಹಿಟ್ಟು ಮುಚ್ಚಿಟ್ಟು ಅಂದೂ ಹೊರಟೆ.

ದಾರಿಯಲ್ಲೇ ಅಬ್ದುಲಸಮದ ಎಲ್ಲ ಹೇಳಿದ. ಜೋರಾಪುರ ಪೇಟೆಯಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಮೂರು ವರ್ಷದ ಹಿಂದೆ ಮುಂಬಯಿಯಿಂದ ಆರು ಡಿಸ್ಕಸ್ ಮೀನು ತಂದಿದ್ದ. ರೈಲಿನಲ್ಲಿ ರಾತ್ರಿಯೆಲ್ಲ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ತಟ್ಟೆಯಂತೆ ದುಂಡಗಿನ, ಕಂದು ಮೈಮೇಲೆ ನೀಲಿ ಗೆರೆಗಳ ಮೀನು. ವಿಜಾಪುರದ ಬಾವಿಯ ಗಡಸು ನೀರು ಅವಕ್ಕೆ ಆಗದೆಂದು ಮಾಳಿಗೆಯ ಮಳೆನೀರನ್ನು ಹರವಿಗಳಲ್ಲಿ ಕೂಡಿಡುತ್ತಿದ್ದ. ತಾನೇ ಮಾಡಿದ ಕರೆಂಟಿನ ಕಾಯಿಲ್‌ನಿಂದ ನೀರನ್ನು ಹಗಲೂ ರಾತ್ರಿ ಉಗುರುಬೆಚ್ಚಗೆ ಇಡುತ್ತಿದ್ದ. ದಿನಾ ಎರಡು ಬಕೆಟ್ ನೀರು ಬದಲಿಸುತ್ತಿದ್ದ. ಆ ಖೋಲಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ, ಏಕೆಂದರೆ ಹೆದರಿದರೆ ಆ ಮೀನು ಕಪ್ಪಗಾಗುತ್ತವೆ, ಮೇವು ಬಿಡುತ್ತವೆ.

ಆರರಲ್ಲಿ ಉಳಿದದ್ದು ಒಂದು ಜೋಡಿ, ಈ ವರ್ಷ ಅದು ತತ್ತಿ ಇಟ್ಟಿತ್ತು. ಮರಿಗಳು ಹದಿನೈದು ದಿನ ತಾಯಿತಂದೆಯ ಮೈಗೆ ಅಂಟಿಕೊಂಡೇ ಇರಬೇಕು, ಬಿಡಿಸಿದರೆ ಸಾಯುತ್ತವೆ ಎಂದ. ಇಪ್ಪತ್ತು ದಿನದ ಹಿಂದೆ ಅವೆಲ್ಲ ಒಂದೇ ಬೆಳಗ್ಗೆ ಮಾಯವಾಗಿದ್ದವು. ದೊಡ್ಡ ಮೀನೇ ತಿಂದಿರಬೇಕೆಂದು ಸುಮ್ಮನಾದ. ಮತ್ತೆ ತತ್ತಿ ಬಂತು, ಇನ್ನೂರು ಮರಿಯಾದವು. ಇಂದು ಬೆಳಗಿನ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅವೂ ಇಲ್ಲ.

"ಹ್ವಾದ ಸಲದಿಂದ ಅಬೇದಾ ಖೋಲಿಯೊಳಗ ಕಾಲಿಟ್ಟರ ಸಾಕು, ಮೀನ ಇದ್ದಿಲಿ ಆಗಾಕತ್ಯಾವ್ರಿ, ಬಾಯಾರ. ನಾ ಹೋದರ ಆಗೂದಿಲ್ಲ, ಅಮ್ಮ ಹೋದರ ಆಗೂದಿಲ್ಲ," ಎಂದ. "ಇವತ್ತ ಆಕಿ ಓಢಣಿ ಗೂಟಕ್ಕ ಹಸೀದ ಜೋತಾಡಾಕತ್ತಿತ್ತು. ಮೀನಿನ ನೀರಿನ ವಾಸನಿ."

ಅಬೇದಾ ಅವನ ಹೆಂಡತಿ. ಎಂಟು ತಿಂಗಳ ಬಸುರಿ. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಅವಳನ್ನು ನಾಲ್ಕರ ಬಸ್ಸಿಗೆ ತಿಕೋಟಾದ ತವರಿಗೆ ಕಳಿಸಬೇಕೆಂದು ಅವನ ತಾಯಿ ಮದೀನಾಬಿ ಹಟ ಹಿಡಿದಿದ್ದಳು. ಆ ರಸ್ತೆಯ ಕುಲುಕಾಟ ಬಸುರಿಗೆ ಆಗುವಂಥದ್ದಲ್ಲ.

ಮೀನಿನ ಖೋಲಿಯ ಕಿಟಕಿಗೆ ಗೋಣಿತಟ್ಟು ಕಟ್ಟಿತ್ತು. ಒಳಗೆ ಬೆಚ್ಚಗಿನ ಕತ್ತಲೆ, ಗಾಳಿ ಪಂಪಿನ ಗುಂಯ್ ಎಂಬ ಸದ್ದು. ಗಾಜಿನ ತೊಟ್ಟಿ ಎದೆಮಟ್ಟದ ಕಲ್ಲಿನ ಕಟ್ಟೆಯ ಮೇಲಿತ್ತು. ಎರಡು ಮೀನು ಮೆಲ್ಲಗೆ ಒಂದರ ಸುತ್ತ ಒಂದು ತಿರುಗುತ್ತ ಏನನ್ನೋ ಹುಡುಕುತ್ತಿದ್ದವು. ಅವುಗಳ ಮೈ ಅಲ್ಲಲ್ಲಿ ಕೆರೆದಂತೆ ಮಾಸಿತ್ತು.

ನೀಲಾಬಾಯಿ ಬಹಳ ಹೊತ್ತು ನೋಡಿದರು. ಮುಚ್ಚಳ ಸರಿಯಾಗಿ ಕೂತಿತ್ತು, ಕಾಯಿಲ್ ಬಿಸಿಯಿತ್ತು. ಗೋಡೆಗೆ ನೇತುಹಾಕಿದ ಮೀನಿನ ಬಲೆಯಲ್ಲಿ ಜೇಡ ಗೂಡು ಕಟ್ಟಿತ್ತು, ಬಲೆಯ ತೂತುಗಳೋ ಸಾಸಿವೆ ಇರಲಿ, ಜೋಳವೇ ಜಾರುವಷ್ಟು ದೊಡ್ಡವು. ತೊಟ್ಟಿಯ ಕೆಳಗೆ ಒಂದು ಸ್ಟೂಲು ಇತ್ತು, ಅದರ ಮೇಲೆ ಇನ್ನೂ ತೇವ. ಅಲ್ಲಿಂದ ನೀರಿನ ಹನಿಗಳ ಸಾಲು ಅಬೇದಾ ಮಲಗುವ ಕಡೆಗಲ್ಲ, ಹಿತ್ತಲ ಬಾಗಿಲ ಕಡೆ ಹೋಗಿತ್ತು. ಹಿತ್ತಲಿನಾಚೆ ಹಳೆಯ ಬಾವಡಿ, ಮೆಟ್ಟಿಲಿನ ಬಾವಿ.

ಪಡಸಾಲೆಯಲ್ಲಿ ಬಬಲೇಶ್ವರದ ಲಾಡಲೇಸಾಬ ಕೂತಿದ್ದ. ಅಬ್ದುಲಸಮದನ ಗೆಳೆಯ, ಆಳೆತ್ತರದ ಮನುಷ್ಯ. ತಾನೂ ಮೀನು ಸಾಕಿದವನು. ಆ ಜೋಡಿಯನ್ನು ಕೇಳಿ ಇಲ್ಲವೆನ್ನಿಸಿಕೊಂಡಿದ್ದ. ಹಿಂದಿನ ಸಂಜೆ ಬಂದು ಅಲ್ಲೇ ಮಲಗಿದ್ದ. ಚೀಲವನ್ನು ತಬ್ಬಿ ಹಿಡಿದಿದ್ದ. ನೀಲಾಬಾಯಿ ತೆಗೆಸಿದರು. ಒಳಗೊಂದು ಬಾಟಲಿ, ಅದರಲ್ಲಿ ಜೀವ ಮಿಡುಕುವ ಏನೋ. ಅಬ್ದುಲಸಮದನ ಮುಖ ಬಿಳಿಚಿತು.

"ಸೊಳ್ಳಿ ಮರಿ ಅದಾವೊ ಯಪ್ಪಾ, ನಿನ್ನ ಮೀನಿಗೇ ತಂದಿದ್ದೆ," ಎಂದ ಲಾಡಲೇಸಾಬ. "ಕೊಡಾಕ ಬಾಯಿ ಬರಲಿಲ್ಲ. ಎಲ್ಲಾರೂ ನನ್ನ ಕಳ್ಳನ್ನ ನೋಡಿದಂಗ ನೋಡಾಕತ್ತೀರಿ."

ಅಬೇದಾ ಒಳಗೆ ತವರಿಗೆ ಒಯ್ಯುವ ಬಟ್ಟೆಗಂಟಿನ ಪಕ್ಕ ಕೂತಿದ್ದಳು. ದಿನಾ ಹೊದೆಯುತ್ತಿದ್ದ ತೆಳು ಮಲಮಲ್ಲಿನ ಹಸಿರು ಓಢಣಿಯನ್ನು ಮುಟ್ಟಲೂ ಹೆದರಿ ದೂರ ಇಟ್ಟಿದ್ದಳು. ತಾನು ನಿದ್ದೆಯಲ್ಲಿ ಎದ್ದು ಹೋಗುತ್ತಿರಬೇಕು ಎಂದಳು. ಮೀನಿಗೆ ಗೊತ್ತು, ಅದಕ್ಕೇ ಹೆದರುತ್ತವೆ ಎಂದಳು. ಬಳಿಕ ತನ್ನ ಎರಡೂ ಅಂಗೈ ನೋಡಿಕೊಂಡು ಪಿಸುಗುಟ್ಟಿದಳು.

"ನಾಳೆ ಈ ಕೈ ನನ್ನ ಕೂಸಿಗೂ ಏನರ ಮಾಡಿದರ, ಬಾಯಾರ?"

ನೀಲಾಬಾಯಿ ಆ ಕೈಗಳನ್ನೇ ಹಿಡಿದುಕೊಂಡರು. ಮಣಿಕಟ್ಟಿನಲ್ಲಿ ಹೊಸ ಕರಿದಾರವಿತ್ತು. ಯಾರು ಕಟ್ಟಿದರೆಂದು ಕೇಳಿದರು. ಅತ್ತೆ, ಇಂದು ಬೆಳಗ್ಗೆ. ಬಟ್ಟೆಗಂಟು ಕಟ್ಟಿದವರೂ ಅತ್ತೆಯೇ. ಅದನ್ನು ಬಿಚ್ಚಿದಾಗ ಬಾಣಂತಿಗೆ ಕೊಡುವ ಅಂಟಿನ ಉಂಡೆಗಳೂ ಮದೀನಾಬಿಯ ಸ್ವಂತ ಕೌದಿಯೂ ಕಂಡವು.

ಮೂರು ಗಂಟೆಗೆ ಎಲ್ಲರನ್ನೂ ಪಡಸಾಲೆಗೆ ಕರೆದರು. ಮೊದಲು ಅಬೇದಾಗೆ ಓಢಣಿಯಿಲ್ಲದೆ ಮೀನಿನ ಖೋಲಿಗೆ ಹೋಗಲು ಹೇಳಿದರು. ಹುಡುಗಿ ಹೆದರುತ್ತ ಹೋದಳು. ನಾವು ಹೊಸ್ತಿಲಲ್ಲಿ ನಿಂತೆವು. ಮೀನು ಗಾಜಿನ ಹತ್ತಿರ ಬಂದು ಅವಳ ಬೆರಳನ್ನು ನೋಡಿದವು. ಬಣ್ಣ ಕೆಡಲಿಲ್ಲ.

"ಗುರುಬಸವ್ವ, ಈಗ ನೀ ಹೊತ್ಕೊಂಡು ಹೋಗು," ಎಂದರು ನನಗೆ.

ಹಸಿರು ಓಢಣಿ ಹೊದ್ದು ಒಳಗೆ ಎರಡು ಹೆಜ್ಜೆ ಇಟ್ಟೆ. ಮೀನು ಒಮ್ಮೆಲೇ ಹಿಂದಕ್ಕೆ ಸಿಡಿದವು. ನೀಲಿ ಗೆರೆಗಳು ಆರಿದವು, ಮಸಿ ಸುರಿದಂತೆ ಮೈಯೆಲ್ಲ ಕಪ್ಪಾಯಿತು. ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನನ್ನನ್ನೇ ನೋಡಿದವು. ನಾಲ್ಕು ಮಕ್ಕಳನ್ನು ಸಾಕಿದವಳು ನಾನು. ಯಾವ ಜೀವವೂ ನನ್ನನ್ನು ಹಾಗೆ ನೋಡಿರಲಿಲ್ಲ.

ನೀಲಾಬಾಯಿ ಶಾಂತವಾಗಿ ಹೇಳತೊಡಗಿದರು. ಮೀನು ಹೆದರಿದ್ದು ಅಬೇದಾಗಲ್ಲ, ತಮ್ಮ ಮರಿಗಳನ್ನು ಸೋಸಿಕೊಂಡು ಹೋದ ಈ ಬಟ್ಟೆಗೆ. ಅಷ್ಟು ಸಣ್ಣ ಮರಿ ಬಲೆಗೆ ಸಿಗುವುದಿಲ್ಲ, ಮಲಮಲ್ ಬೇಕು. ಹನಿಗಳು ಹೋದದ್ದು ಬಾವಡಿಗೆ. ಲಾಡಲೇಸಾಬನ ಎತ್ತರಕ್ಕೆ ಸ್ಟೂಲು ಬೇಕಿಲ್ಲ. ಮೇಲಾಗಿ ಮೀನು ಬಲ್ಲವನು ಮರಿಗಳನ್ನಷ್ಟೇ ಒಯ್ಯುವುದಿಲ್ಲ. ಎಂಟು ತಿಂಗಳ ಬಸುರಿ ನಿದ್ದೆಯಲ್ಲಿ ಸ್ಟೂಲು ಹತ್ತಿ, ಗಾಜಿನ ಅಂಚಿನ ಮೇಲೆ ಬಗ್ಗಿ, ಇನ್ನೂರು ಮರಿ ಸೋಸಿ, ಹೊಟ್ಟೆಗೆ ಒಂದು ಗೀರೂ ಇಲ್ಲದೆ ಹಾಸಿಗೆಗೆ ಮರಳುವುದು ಆಗದ ಮಾತು.

"ಹಗಿತನ ಇದ್ದವರು ತೊಟ್ಟಿಗೆ ಚಿಮಣಿ ಎಣ್ಣಿ ಸುರೀತಿದ್ರು," ಎಂದರು. "ಇವರು ದೊಡ್ಡ ಮೀನಿಗೆ ಪೆಟ್ಟ ಆಗದಂಗ ನೋಡ್ಯಾರ. ಮುಚ್ಚಳಾ ತಿರುಗಿ ಮುಚ್ಯಾರ. ಅಂದರ ದೊಡ್ಡ ಮೀನನ್ನ ಉಳಸಾಕ ಬಂದವರು. ಯಾರಿಂದ ಉಳಸಾಕ? ಮರಿಗಳಿಂದ. ಸಮದ, ಆ ಮರಿ ತಾಯಿ ಮೈಗೆ ಯಾಕ ಅಂಟಿರತಾವಂತ ಮನ್ಯಾಗ ಯಾರಿಗರ ಹೇಳಿದ್ದೇನು?"

ಅವನು ತಲೆ ತಗ್ಗಿಸಿದ. ಹೆಂಗಸರಿಗೆ ಅದನ್ನೇನು ಹೇಳುವುದೆಂದು ಬಿಟ್ಟಿದ್ದನಂತೆ.

ನೀಲಾಬಾಯಿ ಮದೀನಾಬಿಯತ್ತ ತಿರುಗಿದರು. ಬಟ್ಟೆ ಸೊಸೆಯದೇ ಏಕಾಗಬೇಕಿತ್ತು ಎಂಬುದೂ ಆ ಕರಿದಾರ ಕಂಡಾಗಲೇ ತಿಳಿಯಿತೆಂದರು. ನಜರ, ಅಂದರೆ ಕೆಟ್ಟ ದೃಷ್ಟಿ, ತೆಗೆಯುವಾಗ ಕೇಡು ಯಾರ ಮೇಲಿದೆಯೋ ಅವರ ಮೈಮೇಲಿನ ಬಟ್ಟೆಯೇ ಬೇಕು ಎಂದರು. ನನ್ನ ಮಗುವಿಗೆ ನಾನೂ ಹಾಗೇ ಮಾಡಿದ್ದೆ. ಮಾಡಿದ್ದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಕೇಡು ಮರಳುತ್ತದೆ.

ಮದೀನಾಬಿ ಗೋಡೆ ಹಿಡಿದು ಕೂತಳು.

"ಮಕ್ಕಳು ತಾಯೀನ ತಿನ್ನಾಕತ್ತಿದ್ದವ್ರಿ," ಎಂದಳು ಕಡೆಗೆ. "ನನ್ನ ಕಣ್ಣಾರೆ ನೋಡೇನಿ. ಮೈ ಕಿತ್ತು ಕಿತ್ತು ತಿಂತಿದ್ದವು, ಅದು ಸುಮ್ಮನ ನಿಂತಿತ್ತು. ಎರಡ ಕೂಸ ಕಳಕೊಂಡ ಹುಡುಗಿ ದಿನಾ ಅದನ್ನ ನೋಡಿದರ ಹೊಟ್ಟ್ಯಾಗಿಂದಕ್ಕ ಏನಾದೀತು? ಹೇಳಿದರ ಕೆಡತೈತಿ, ಹೇಳಲಿಲ್ಲ. ಆಕಿ ಮ್ಯಾಲ ಮಾತ ಬಂದಾಗೂ ಸುಮ್ಮನಿದ್ದೆ. ದೂರ ಹೋದರ ಸಾಕು ಅಂದೆ. ಈಗ ನನ್ನ ಬಾಯಿಂದ ಹೊರಗ ಬಂತಲ್ರಿ."

ಅಬ್ದುಲಸಮದ ತಾಯಿಯ ಮುಂದೆ ನೆಲಕ್ಕೆ ಕೂತ. ಮರಿಗಳು ತಿನ್ನುತ್ತಿದ್ದುದು ಮಾಂಸವನ್ನಲ್ಲ, ಮರಿಯಾದಾಗ ತಾಯಿತಂದೆಯ ಚರ್ಮದ ಮೇಲೆ ಒಸರುವ ಲೋಳೆಯನ್ನು ಎಂದ. ಆ ಮೀನಿಗೆ ಅದೇ ಹಾಲು ಎಂದ. ಮುದುಕಿ ನಂಬಲಾರದೆ ನೀಲಾಬಾಯಿಯ ಮುಖ ನೋಡಿದಳು.

"ನನ್ನ ಕೈಯಾಗ ಹುಟ್ಟಿದ ಕೂಸುಗಳು ಹಾಲಿಗೆ ಹತ್ತಿದಾಗ ತಾಯಂದಿರು ನೋವಿಗೆ ಹಲ್ಲ ಕಚ್ಚೂದನ್ನ ಎಷ್ಟ ಸಲ ನೋಡೇನಿ," ಎಂದರು ನೀಲಾಬಾಯಿ. "ನೀನೂ ಕಚ್ಚಿರತಿ, ಮದೀನಾಬಿ. ಅದರಾಗ ಕೇಡ ಎಲ್ಲಿಂದ ಬಂತು?"

ಅಬೇದಾ ಎದ್ದು ಬಂದಳು. ಕಷ್ಟಪಟ್ಟು ಅತ್ತೆಯ ಪಕ್ಕ ಕೂತು, ಗಂಟಿನಿಂದ ಕೌದಿಯನ್ನು ಎಳೆದು ಇಬ್ಬರ ಕಾಲ ಮೇಲೂ ಹಾಸಿದಳು. ನಾಲ್ಕರ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಮದೀನಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಮಗನನ್ನು ಕೇಳಿದಳು. "ನಾ ಕೊಂದಿಲ್ಲಪಾ ಅವನ್ನ. ಜೀವಂತನ ಬಾವಡ್ಯಾಗ ಬಿಟ್ಟೇನಿ. ಅಲ್ಲೆ ಬದುಕ್ಯಾವಲ್ಲ?"

ಅಬ್ದುಲಸಮದ ಹಿತ್ತಲ ಬಾಗಿಲ ಕಡೆ ತಿರುಗಿದ. ಲಾಡಲೇಸಾಬ ತನ್ನ ಬಾಟಲಿಯತ್ತ ನೋಡಿದ. ಆ ತಣ್ಣನೆಯ ಗಡಸು ನೀರಿನಲ್ಲಿ, ಅಂಟಿಕೊಳ್ಳಲು ಒಂದು ಮೈಯಿಲ್ಲದೆ, ಅವು ಎಷ್ಟು ಹೊತ್ತು ಇದ್ದಿರಬಹುದೆಂದು ಇಬ್ಬರಿಗೂ ಗೊತ್ತಿತ್ತು.

"ಬದುಕ್ಯಾವ ಬಿಡ್ರಿ, ಅಮ್ಮಾ," ಎಂದಳು ಅಬೇದಾ. "ಬಾವಡಿ ನೀರ ಭಾಳ ಐತಿ."

ನಾನು ನೀಲಾಬಾಯಿಯತ್ತ ನೋಡಿದೆ. ಅಷ್ಟು ವರ್ಷಗಳಲ್ಲಿ ಅವರ ಮುಂದೆ ಯಾರೂ ಒಂದು ಸುಳ್ಳು ಹೇಳಿ ದಕ್ಕಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಭಾಳ ಐತಿ," ಎಂದರು.