ಜಿಂಕೆ ಬಿದ್ದ ಜಾಗ

ಕ್ವಾರಿಯ ದಾರಿಗೆ ಅಡ್ಡ ನಿಂತವಳ ಮುಂದೆ ಲಾರಿ ಕಿರ್ರೆಂದು ನಿಂತಿತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಕೈಯಲ್ಲಿ ಹಾರೆ, ಕಾಲ ಬಳಿ ‘ಜಿಂಕೆ’ ಎಂದು ಕೆತ್ತಿಸಿದ ಕಲ್ಲು.

ಇಳಿದು ಬಂದ ಡ್ರೈವರನನ್ನು ಕಂಡು ಹಾರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇವನೇ... ಒಂದೇ ತರಗತಿಯಲ್ಲಿ ಕೂತು ಬೆಳೆದವನು. ಮನಸ್ಸು ಕೊಟ್ಟೂ ಬಾಯಿಬಿಟ್ಟು ಹೇಳಲಾಗದೆ ಉಳಿದವಳು ತಾನು.

“ನನ್ನ ಮೇಲೇ ಹತ್ತಿಸ್ಕೊಂಡು ಹೋಗು. ನಿಮ್ಮ ಧಣಿಗೆ ಒಂದು ಹೆಣ ಸಾಲ್ದು ಅಂತ ಕಾಣತ್ತೆ.”

ಅವನು ತನ್ನ ಪಾಡಿಗೆ ಲಾರಿಯ ಆಚೆ ಬದಿಗೆ ನಡೆದ. ಅದು ಅವಳನ್ನು ಇನ್ನಷ್ಟು ಉರಿಸಿತು.

ಜಿಂಕೆ ಅವರಿಬ್ಬರ ಸಹಪಾಠಿ, ಆಡು ಕಾಯುವವರ ಮಗಳು. ಓಟಕ್ಕೆ ನಿಂತರೆ ಗಾಳಿಗೂ ಸಿಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಆಡಿನ ವಾಸನೆ ಎಂದು ಮೇಷ್ಟ್ರು ಹಿಂದಿನ ಬೆಂಚಿಗೆ ಅಟ್ಟಿದರೆ, ಮರುದಿನ ಒಂದು ಮರಿಯನ್ನೇ ತಂದು ಮುಂದಿನ ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತಿದ್ದಳು. ಏಟು ತಿಂದಳು, ಜಾಗ ಬಿಡಲಿಲ್ಲ.

ಅಂಥವಳು ಕಳೆದ ವರ್ಷ ಇಲ್ಲೇ ಆಡು ಮೇಯಿಸುವಾಗ, ಕ್ವಾರಿಯಲ್ಲಿ ಸಿಡಿಮದ್ದು ಸಿಡಿಸಿದಾಗ ಹಾರಿಬಂದ ಕಲ್ಲು ತಲೆಗೆ ಬಡಿದು ಸತ್ತಳು. ಎಚ್ಚರಿಕೆಯ ಸೈರನ್ ಕೂಗಿಸಿದ್ದೆವು, ಅವಳೇ ಕಿವಿಗೊಡಲಿಲ್ಲ ಎಂದ ಧಣಿ. ಊರು ತುಟಿ ಹೊಲಿದುಕೊಂಡಿತು. ಅದರ ಹಿಂದೆಯೇ ಕ್ವಾರಿಯಲ್ಲಿ ಕೆಲಸಕ್ಕಿದ್ದ ಇವನಿಗೆ ಧಣಿಯ ಹೊಸ ಲಾರಿ ಸಿಕ್ಕಿತು. ಬಾಯಿಗೆ ಹಾಕಿದ ಬೀಗ ಅದು ಎಂದುಕೊಂಡಿದ್ದಳು ಅವಳು. ಈಗ ತಾವು ಓದಿದ ಶಾಲೆಯಲ್ಲೇ ಟೀಚರ್ ಆಗಿದ್ದರೂ, ಶಾಲೆಯ ಮುಂದೆಯೇ ಹಾದುಹೋಗುವ ಅವನ ಕಡೆ ತಿರುಗಿಯೂ ನೋಡಿರಲಿಲ್ಲ.

ಅಷ್ಟರಲ್ಲಿ ಲಾರಿಯ ಇನ್ನೊಂದು ಬಾಗಿಲಿನಿಂದ ಜಿಂಕೆಯ ತಾಯಿ ಇಳಿದಳು.

“ಅವನನ್ನ ಬೈಬೇಡ ಮಗಳೇ. ನಿನ್ನೆ ಕೋರ್ಟ್ ವಿಚಾರಣೇಲಿ ಬಾಯಿ ಬಿಟ್ಟಿದ್ದು ಇವನೊಬ್ಬನೇ. ಸೈರನ್ ಕೂಗ್ಲೇ ಇಲ್ಲ, ನಾನು ಅಲ್ಲೇ ಇದ್ದೆ ಅಂತ ಧಣಿ ಎದುರಿಗೇ ಹೇಳಿದ.”

ಮೊದಲೇ ಸುಳಿವು ಸಿಕ್ಕರೆ ಧಣಿ ಸಾಕ್ಷಿಯನ್ನೇ ಮುಗಿಸಿಬಿಡುತ್ತಾನೆ, ಅಲ್ಲಿವರೆಗೆ ಉಸಿರೆತ್ತಬೇಡ ಎಂದು ಅವನಿಗೆ ಹೇಳಿದ್ದರಂತೆ ತಾಯಿಯ ಕಡೆಯ ವಕೀಲರು. ಸಾಕ್ಷಿ ಹೇಳಿದ್ದಕ್ಕೆ ಅವನ ಕೆಲಸ ಹೋಗಿತ್ತು. ತಾಯಿಗೆ ಮಗಳು ಬಿದ್ದ ಜಾಗ ತೋರಿಸಿ, ಲಾರಿ ಒಪ್ಪಿಸಿ ಬರಲು ಹೊರಟಿದ್ದ.

ಅವಳ ಕಣ್ಣು ತುಂಬಿತು. “ನನಗಾದ್ರೂ ಹೇಳ್ಬಾರ್ದಿತ್ತಾ?”

“ನಿನಗೆ ಹೇಳಿದ್ರೆ ಸಂಜೆ ಒಳಗೆ ಧಣಿ ಮನೆ ಬಾಗಿಲಲ್ಲಿ ನಿಂತು ಕೂಗಾಡ್ತಿದ್ದೆ.”

ಸುಳ್ಳಲ್ಲ... ಆ ದುಃಖದಲ್ಲೂ ತಾಯಿಗೆ ನಗು ಬಂತು.

ಅವನು ಲಾರಿಯನ್ನು ದಾರಿಗೆ ಅಡ್ಡಲಾಗಿ ತಿರುಗಿಸಿ ನಿಲ್ಲಿಸಿ ಕೀಲಿ ಜೇಬಿಗಿಟ್ಟ. ಹಿಂದೆ ಬಂದ ಲಾರಿಗಳು ಸಾಲುಗಟ್ಟಿದವು. ಕ್ವಾರಿಯ ಮೇಸ್ತ್ರಿ ಓಡಿಬಂದು, ಇದು ಧಣಿಯ ಜಾಗ ಎಂದು ಗದರಿದ. ಅಷ್ಟರಲ್ಲಿ ಕಲ್ಲು ನೆಡಲು ಗುಂಡಿ ತೋಡತೊಡಗಿದ್ದ ಅವಳು ಹಾರೆ ನಿಲ್ಲಿಸಲಿಲ್ಲ.

“ಧಣಿಯನ್ನೇ ಬರೋಕೆ ಹೇಳಿ. ಈ ಕಲ್ಲು ಕೀಳೋದಾದ್ರೆ ಮೊದಲು ನಮ್ಮ ಮೂವರನ್ನ ಕೀಳಬೇಕು.”

ಸಾಲಿನಲ್ಲಿದ್ದ ಡ್ರೈವರ್‌ಗಳು ಒಬ್ಬೊಬ್ಬರಾಗಿ ಇಂಜಿನ್ ಆರಿಸಿ ಕೆಳಗಿಳಿದರು. ಇಬ್ಬರು ಬಂದು ಕಲ್ಲೆತ್ತಲು ಅವನ ಜೊತೆ ಕೈ ಜೋಡಿಸಿದರು. ಮೇಸ್ತ್ರಿ ಮೆಲ್ಲಗೆ ಹಿಂದೆ ಸರಿದ.

ಕಲ್ಲು ನೆಟ್ಟಗೆ ನಿಂತ ಮೇಲೆ ತಾಯಿ ಅದಕ್ಕೆ ಕೆನ್ನೆಯೊತ್ತಿ ಕೂತಳು. ಇವರಿಬ್ಬರೂ ದೂರ ಸರಿದು ನಿಂತರು.

“ಇನ್ನು ಏನು ಮಾಡ್ತೀಯ?”

“ಟೀಚರಮ್ಮ ಒಪ್ಪಿದ್ರೆ ಮದುವೆ ಆಗ್ತೀನಿ.”

“ಕೆಲಸ ಇಲ್ಲದವನಿಗೆ ನಮ್ಮಣ್ಣ ಹೆಣ್ಣು ಕೊಡಲ್ಲ.”

“ಹಾಗಾದ್ರೆ...?”

ಎಲ್ಲರೂ ನೋಡುತ್ತಿದ್ದಂತೆಯೇ ಅವಳು ಅವನ ಮಣ್ಣಾದ ಕೈ ಹಿಡಿದಳು.

“ಕೊಡೋಕೆ ನಾನೇನು ಅವನ ಸಾಮಾನಾ? ನಾನೇ ಬರ್ತೀನಿ.”