ಉತ್ತರದ ಗೋಡೆಗೆ ಬಿಸಿಲು

ಆ ಕಪ್ಪು ಗಾಡಿ ಮತ್ತೆ ಕಂಡಿತು!

ಮೂರನೇ ಸಲ...

ಮೆಲ್ಬರ್ನ್ ಹೊರವಲಯದ ವೆರಿಬೀಯ ಬೀದಿಗಳಲ್ಲಿ ನಾನು ಎಡಕ್ಕೆ ತಿರುಗಿಸಿದ್ದೆ, ಬಲಕ್ಕೆ ತಿರುಗಿಸಿದ್ದೆ, ಒಂದು ಶಾಪಿಂಗ್ ಸೆಂಟರಿನ ಮುಂದಿನ ಗೇಟಿನಿಂದ ನುಗ್ಗಿ ಹಿಂದಿನ ಗೇಟಿನಿಂದ ಹೊರಬಿದ್ದಿದ್ದೆ. ಯಾವನೇ ಆಗಿದ್ದರೂ ದಾರಿ ತಪ್ಪಬೇಕಿತ್ತು. ಇವನು ತಪ್ಪಲಿಲ್ಲ. ಸ್ವಲ್ಪ ಹೊತ್ತು ಕಾಣೆಯಾಗುತ್ತಿದ್ದ, ಆಮೇಲೆ ನೋಡಿದರೆ ಕನ್ನಡಿಯಲ್ಲಿ ಪ್ರತ್ಯಕ್ಷ!

ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮುದುಡಿಕೊಂಡಿದ್ದಳು ಸಂಯುಕ್ತಾ.

"ಆಂಟಿ... ಹೋದ್ನಾ?"

"ಇಲ್ಲ."

"ಈ ಸಲ ಸಾಯಿಸೇಬಿಡ್ತಾನೆ ಆಂಟಿ."

"ತಲೆ ಎತ್ತಬೇಡ. ಆಂಟಿ ಅಂತಲೂ ಕರೆಯಬೇಡ!"

ಅವಳ ಎಡಗೈಯ ಮಣಿಕಟ್ಟಿಗೆ ಇನ್ನೂ ಪಟ್ಟಿ ಇತ್ತು. ಅದನ್ನು ಮುರಿದವನೇ ನಮ್ಮ ಹಿಂದೆ ಬರುತ್ತಿದ್ದ. ಅವಳ ಗಂಡ ಅಜಯ್.

ನನ್ನ ಹೆಸರು ಡೊರೊಥಿ. ಊರು ಮಂಗಳೂರು, ವಾಸ ಸಿಡ್ನಿ. ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು. ಲೈಸೆನ್ಸ್ ಇದೆ, ಮಂಡಿನೋವು ಇದೆ, ಗಂಡ ಇಲ್ಲ. ಈ ಹುಡುಗಿಯನ್ನು ಪತ್ತೆ ಹಚ್ಚಿದವಳು ನಾನೇ. ಅವನನ್ನು ಅವಳ ಬಾಗಿಲಿಗೆ ಕರೆತಂದವಳೂ ನಾನೇ. ಹೇಗೆ ಅನ್ನುವುದು ಮಾತ್ರ ಆ ಗಳಿಗೆಯಲ್ಲಿ ನನಗೇ ಗೊತ್ತಿರಲಿಲ್ಲ.

ಗಾಡಿ ಓಡುತ್ತಿರಲಿ. ಇದೆಲ್ಲ ಶುರುವಾದ ಅಡುಗೆಮನೆಯನ್ನು ಮೊದಲು ನೋಡಿಬಿಡಿ.

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಸರಸ್ವತಿಯ ಮನೆ. ಅವಳು ಮೈಸೂರಿನವಳು. ನಾವಿಬ್ಬರೂ ಸ್ಟೂಡೆಂಟ್ ವೀಸಾದಲ್ಲಿ ಬಂದವರು. ಒಂದೇ ರೂಮು, ಇಬ್ಬರಿಗೂ ಸೇರಿ ಒಂದೇ ಚಳಿಕೋಟು. ಯಾರಿಗೆ ಅಂದು ಕೆಲಸವೋ ಅವಳ ಮೈಮೇಲೆ ಕೋಟು! ನನ್ನ ಗಂಡ ಬಿಟ್ಟುಹೋದಾಗ ತಿಂಗಳುಗಟ್ಟಲೆ ನನಗೆ ಊಟ ಬಡಿಸಿದವಳು ಅವಳು. ಈ ದೇಶದಲ್ಲಿ ನಾನು ಕಣ್ಣುಮುಚ್ಚಿ ನಂಬುತ್ತಿದ್ದವಳು ಅವಳೊಬ್ಬಳೇ.

"ಡೋರಾ, ನಮ್ಮ ಆಫೀಸಿನ ಹುಡುಗಿ ಕಣೇ, ಸಂಯುಕ್ತಾ ಅಂತ. ಗಂಡ ಸರಿಯಿಲ್ಲ. ಮನೆ ಬಿಟ್ಟು ಹೋಗಿದಾಳೆ. ರೊಮೇನಿಯಾದಲ್ಲಿದೀನಿ ಅಂತ ದಿನಾ ನಂಗೆ ವಾಯ್ಸ್ ಮೆಸೇಜ್ ಕಳಿಸ್ತಾಳೆ. ನಂಗ್ಯಾಕೋ ನಂಬಿಕೆ ಬರ್ತಿಲ್ಲ."

"ಯಾಕೆ?"

"ಲಿಫ್ಟಲ್ಲಿ ಒಬ್ಬಳೇ ಹೋಗೋಕೆ ಹೆದರೋಳು ರೊಮೇನಿಯಾಗೆ ಹೋಗ್ತಾಳಾ? ಅವನೇ ಎಲ್ಲಾದ್ರೂ ಕೂಡಿಹಾಕಿ ಹಾಗೆ ಹೇಳಿಸ್ತಿದ್ರೆ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಫೋನು ಇಸಿದುಕೊಂಡು ಕೇಳಿದೆ.

"ಅಕ್ಕಾ, ಇವತ್ತು ಬ್ರಶೋವ್. ಗೈಡ್ ಇಲ್ಲ, ಫೋನ್ ನೋಡ್ಕೊಂಡು ನಾವೇ ನಡೆಯೋ ವಾಕಿಂಗ್ ಟೂರ್. ಫಸ್ಟ್ ಸ್ಟಾಪ್ ಕೌನ್ಸಿಲ್ ಸ್ಕ್ವೇರ್..." ಇನ್ನೊಂದರಲ್ಲಿ, "ರೋಪ್ ಸ್ಟ್ರೀಟ್ ಅಂತ ಒಂದು ಗಲ್ಲಿ ಅಕ್ಕಾ, ಕೈ ಚಾಚಿದ್ರೆ ಎರಡೂ ಗೋಡೆ ಸಿಗುತ್ತೆ." ಮತ್ತೊಂದರಲ್ಲಿ, "ಇದು ಬ್ಲ್ಯಾಕ್ ಚರ್ಚ್. ಹಿಂದೆ ಬೆಂಕಿ ಬಿದ್ದು ಗೋಡೆಯೆಲ್ಲ ಕಪ್ಪಾಗಿತ್ತಂತೆ. ಮಧ್ಯಾಹ್ನ ಆದ್ರೂ ಚಳಿ. ನಾರ್ತ್ ಸೈಡ್ ಗೋಡೆಗೆ ಒರಗಿ ಬಿಸಿಲು ಕಾಯಿಸ್ಕೊತಾ ಕೂತಿದೀನಿ."

ಅಲ್ಲಿಗೆ ನಿಲ್ಲಿಸಿದೆ.

ನಾರ್ತ್ ಸೈಡ್!

ನಮ್ಮ ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡೇ ಸಾಗುತ್ತಾನೆ. ಮನೆ ಮಾರುವವನು ಮೊದಲು ಹೇಳುವುದೇ ನಾರ್ತ್ ಫೇಸಿಂಗ್ ಅಂತ. ಇಲ್ಲಿ ನಾಲ್ಕು ಚಳಿಗಾಲ ಕಳೆದವರಿಗೆ ಬಿಸಿಲು ಎಂದರೆ ಉತ್ತರವೇ. ಯುರೋಪಿನಲ್ಲಿ ಹಾಗಲ್ಲ, ಅಲ್ಲಿ ದಕ್ಷಿಣಕ್ಕೆ. ಈಗ, ಈ ಅಕ್ಟೋಬರಿನಲ್ಲಿ, ಅಲ್ಲಿಯ ಚರ್ಚಿನ ಉತ್ತರದ ಗೋಡೆಗೆ ಒರಗಿ ಕೂತರೆ ನೆಗಡಿ ಬಂದೀತೇ ಹೊರತು ಬಿಸಿಲು ಬರುವುದಿಲ್ಲ.

"ಸರಸು, ಈ ಹುಡುಗಿ ಆಸ್ಟ್ರೇಲಿಯಾ ಬಿಟ್ಟೇ ಇಲ್ಲ ಮಾರಾಯ್ತಿ!"

ಸರಸ್ವತಿಯ ಮುಖ ಅರಳಿತು. ಆತಂಕ ಕಳೆಯಿತೇನೋ ಅಂದುಕೊಂಡೆ.

ಉಳಿದದ್ದು ಸುಲಭವಿತ್ತು. ಸಂಯುಕ್ತಾಳಿಗೆ ಓದಿನ ದಿನಗಳ ಗೆಳತಿ ಅಂತ ಇದ್ದವಳು ಒಬ್ಬಳೇ, ರೊವೀನಾ. ಮೆಲ್ಬರ್ನ್ ಪಕ್ಕದ ವೆರಿಬೀಯಲ್ಲಿ ಮನೆ, ಆಸ್ಪತ್ರೆಯಲ್ಲಿ ನರ್ಸ್, ನನ್ನ ಹಾಗೆ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಅಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಜೋಯೆಲ್ ನನಗೆ ಪರಿಚಯ. ಫೋನ್ ಮಾಡಿದೆ.

"ರೊವೀನಾ ಈಗೀಗ ಎಂತ ತಗೊಂಡು ಹೋಗುವುದು?"

"ಮೀನು ಬಿಟ್ಟಿದ್ದಾಳೆ ಆಂಟಿ. ಬೇಳೆ, ಹುಣಸೆಹುಳಿ, ಹಿಂಗು..."

"ಹಿಂಗಾ?!"

"ನಾನೂ ಕೇಳಿದೆ. ಹೊಟ್ಟೆ ಸರಿ ಇಲ್ಲ ಅಂದಳು."

ನಮ್ಮವರ ಅಡುಗೆಮನೆಗೆ ಹಿಂಗು ಬಂತು ಎಂದರೆ ಒಲೆಯ ಮೇಲೆ ಇನ್ಯಾರದೋ ಸಾರು ಕುದಿಯುತ್ತಿದೆ ಎಂದೇ ಅರ್ಥ! ಸುಳಿವು ಸಿಕ್ಕಿತು, ಒಂದು ದಿನದ ದಾರಿ ಎಂದಷ್ಟೇ ಸರಸ್ವತಿಗೆ ಹೇಳಿದೆ; ವಿಳಾಸ ಯಾರಿಗೂ ಹೇಳುವುದು ನನ್ನ ಕಸುಬಿನ ಕ್ರಮವಲ್ಲ. ಹೊರಟೆ.

ಹೊರಡುವಾಗ ಬುತ್ತಿ ಕಟ್ಟಿಕೊಟ್ಟಳು.

"ದಿನವಿಡೀ ಡ್ರೈವ್. ಹೊರಗಡೆ ತಿಂದು ಹೊಟ್ಟೆ ಕೆಡಿಸ್ಕೋಬೇಡ."

ಪುಳಿಯೋಗರೆ. ಜೊತೆಗೆ ನೀಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಟ್ನಿಪುಡಿ. ಆ ಡಬ್ಬಿ ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಓಡಾಡುತ್ತಿದೆ. ಅವಳು ಚಟ್ನಿಪುಡಿ ತುಂಬಿ ಕಳಿಸುತ್ತಾಳೆ, ನಾನು ಕ್ರಿಸ್ಮಸ್ಸಿನ ಸಿಹಿತಿಂಡಿ ಕುಲ್ಕುಲ್ ತುಂಬಿ ಮರಳಿಸುತ್ತೇನೆ. ಖಾಲಿ ಡಬ್ಬಿ ಕೊಡುವ ಕ್ರಮ ಅವಳ ಮನೆಯಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ.

ಪುಳಿಯೋಗರೆ ದಾರಿಯಲ್ಲೇ ಮುಗಿಯಿತು. ಡಬ್ಬಿಯನ್ನು ಮುಟ್ಟಲಿಲ್ಲ. ರಾತ್ರಿ ಒಂದು ಮೋಟೆಲ್‌ನಲ್ಲಿ ಮಲಗಿ, ಬೆಳಗ್ಗೆ ರೊವೀನಾಳ ಬಾಗಿಲು ತಟ್ಟಿದೆ.

ಅವಳು ಡ್ಯೂಟಿಗೆ ಹೋಗಿದ್ದಳು. ಚಿಲಕದ ಸರಪಳಿಯ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

"ಯಾರು ಕಳಿಸಿದ್ದು ನಿಮ್ಮನ್ನ?"

"ಹೆದರಬೇಡ ಮಗಾ. ಸರಸ್ವತಿ ಕಳಿಸಿದ್ದು."

ಆ ಕಣ್ಣು ಹೆದರಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಸರಸ್ವತಿ ಅಕ್ಕನಾ? ಅವರು ಅಜಯ್ ಅಕ್ಕ! ಸ್ವಂತ ಅಕ್ಕ!"

"ಸಾಧ್ಯವೇ ಇಲ್ಲ. ಅವಳಿಗೆ ಇರುವುದು ಒಬ್ಬನೇ ತಮ್ಮ, ಪುಟ್ಟ ಅಂತ..."

"ಅವನೇ ಪುಟ್ಟ, ಆಂಟಿ!"

ಪುಟ್ಟ!

ಇಪ್ಪತ್ತು ವರ್ಷ ಅವಳ ಬಾಯಲ್ಲಿ ಕೇಳಿದ್ದೇನೆ. ಪುಟ್ಟನಿಗೆ ಜ್ವರ. ಪುಟ್ಟನಿಗೆ ಎಂಜಿನಿಯರಿಂಗ್ ಸೀಟು. ಪುಟ್ಟನಿಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ. ಮೈಸೂರಿನಲ್ಲಿ ಪುಟ್ಟನ ಮದುವೆ, ನಾನು ಹೋಗಲಾಗಲಿಲ್ಲ. ಅವನ ದೊಡ್ಡ ಹೆಸರೇನು ಎಂದು ಒಂದು ದಿನ ಕೇಳಲಿಲ್ಲ ನೋಡಿ! ಯಾರು ಕೇಳುತ್ತಾರೆ? ಮನೆಮಂದಿಗೆ ಪುಟ್ಟ ಅಂದರೆ ನಮಗೂ ಪುಟ್ಟ.

"ಮತ್ತೆ ದಿನಾ ಅವಳಿಗೇ ಯಾಕೆ ಮೆಸೇಜ್ ಕಳಿಸಿದ್ದು?"

"ಅಕ್ಕಂಗೆ ಹೇಳಿದ್ರೆ ಅವನಿಗೆ ಹೇಳ್ತಾರೆ. ಅಷ್ಟು ದೂರ ಹೋಗಿದಾಳೆ ಅಂತ ಸುಮ್ಮನಾಗ್ತಾನೆ ಅಂದ್ಕೊಂಡೆ."

ಅವಳನ್ನು ಎಳೆದು ಗಾಡಿಗೆ ಹತ್ತಿಸಿ ರಿವರ್ಸ್ ತೆಗೆಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಕಪ್ಪು ಗಾಡಿ ತಿರುಗಿತು...

ಈಗ ಅದೇ ಗಾಡಿ ನಮ್ಮ ಬೆನ್ನಿಗಿತ್ತು.

ನಾನು ಯೋಚಿಸಿದೆ. ಕಣ್ಣಿನಿಂದ ಹಿಂಬಾಲಿಸುವವನು ಗಾಡಿ ತಪ್ಪಿದರೆ ತಡಕಾಡುತ್ತಾನೆ. ತಿರುವಿನಲ್ಲಿ ನಿಲ್ಲುತ್ತಾನೆ. ಇವನು ತಡಕಾಡುತ್ತಲೇ ಇರಲಿಲ್ಲ, ನೇರ ಬರುತ್ತಿದ್ದ. ನನ್ನ ಗಾಡಿ ಎಲ್ಲಿದೆ ಎಂದು ನನ್ನ ಗಾಡಿಯೇ ಅವನಿಗೆ ಹೇಳುತ್ತಿತ್ತು. ಸಿಡ್ನಿ ಬಿಡುವ ಮುಂಚೆ ಗಾಡಿಯನ್ನು ಪೂರ್ತಿ ತಪಾಸಣೆ ಮಾಡಿದ್ದೆ. ಆಮೇಲೆ ಒಳಗೆ ಬಂದದ್ದು ಒಂದೇ ಒಂದು ಚೀಲ, ಸರಸ್ವತಿಯ ಬುತ್ತಿ.

"ಆ ನೀಲಿ ಮುಚ್ಚಳದ ಡಬ್ಬಿ ತೆಗೆ."

"ಈಗಲಾ?!"

"ತೆಗೆ ಅಂದೆ! ಕೈ ಹಾಕಿ ನೋಡು!"

ಚಟ್ನಿಪುಡಿಯೊಳಗೆ ಅವಳ ಬೆರಳು ತಡಕಾಡಿತು. ತಳದಲ್ಲಿ, ಪ್ಲಾಸ್ಟಿಕ್ ಸುತ್ತಿದ, ಬಿಸ್ಕತ್ತಿನಷ್ಟು ಅಗಲದ ಒಂದು ಕಪ್ಪು ಬಿಲ್ಲೆ. ಟ್ರ್ಯಾಕರ್!

ನನ್ನ ಕಣ್ಣು ಮಂಜಾಯಿತು. ಖಾರದ ಪುಡಿ ಹಾರಿದ್ದಕ್ಕೆ ಅಂತ ನೀವು ಬೇಕಾದರೆ ಅಂದುಕೊಳ್ಳಿ. ಲೋಕದಲ್ಲಿ ಯಾರು ಬೇಕಾದರೂ ನನಗೆ ಮೋಸ ಮಾಡಲಿ, ಅಭ್ಯಾಸವಿದೆ. ಆದರೆ ಅನ್ನದ ಚೀಲದಲ್ಲಿ... ನಮ್ಮ ಆ ಡಬ್ಬಿಯಲ್ಲಿ...!

"ಬಿಸಾಕಿ ಆಂಟಿ ಅದನ್ನ!"

"ಬೇಡ. ಬಿಸಾಡಿದರೆ ಅವ ಇನ್ನೊಂದು ದಾರಿ ಹುಡುಕುತ್ತಾನೆ. ಅವನಿಗೂ ಒಂದು ಟೂರ್ ಮಾಡಿಸುವ."

ಕಪ್ಪು ಗಾಡಿ ಕಣ್ಣಿಗೆ ಮರೆಯಾದ ಹೊತ್ತು ನೋಡಿ ಹಾಪರ್ಸ್ ಕ್ರಾಸಿಂಗ್ ರೈಲ್ವೆ ಸ್ಟೇಷನ್ನಿನ ಮುಂದೆ ಬ್ರೇಕ್ ಹಾಕಿದೆ.

"ಸಿಟಿಗೆ ಹೋಗುವ ಟ್ರೈನ್ ಹತ್ತು. ರೊವೀನಾಳ ಆಸ್ಪತ್ರೆಗೆ ಹೋಗು. ಫೋನ್ ಆಫ್ ಮಾಡು."

ಇಳಿದವಳು ಬಾಗಿಲು ಹಿಡಿದು ನಿಂತಳು.

"ಆಂಟಿ, ಆ ಟೂರ್ ಪೂರ್ತಿ ಸುಳ್ಳಲ್ಲ. ಹನಿಮೂನ್‌ಗೆ ಅಲ್ಲಿಗೆ ಹೋಗ್ಬೇಕು ಅಂತ ಎಲ್ಲಾ ಸ್ಟಾಪ್ ಬಾಯಿಪಾಠ ಮಾಡಿದ್ದೆ. ನಾನು ಆರಿಸಿದ ಊರು ಅನ್ನೋ ಒಂದೇ ಕಾರಣಕ್ಕೆ ಕ್ಯಾನ್ಸಲ್ ಮಾಡಿಸಿದ."

"ಹೋಗ್ತಿ, ಒಂದು ದಿನ. ಆದರೆ ಬಿಸಿಲು ಬೇಕಾದರೆ ದಕ್ಷಿಣದ ಗೋಡೆಗೆ ಕೂತುಕೋ. ಓಡು!"

ಓಡಿದಳು.

ನಾನು ಪೊಲೀಸರಿಗೆ ಫೋನ್ ಮಾಡುತ್ತಲೇ ವೆರಿಬೀಗೆ ವಾಪಸ್ ತಿರುಗಿಸಿದೆ. ಅವಳ ಕೈ ಮುರಿದ ಮೇಲೆ ಕೋರ್ಟು ಆರ್ಡರ್ ಕೊಟ್ಟಿತ್ತು, ಅವನು ಅವಳ ಹತ್ತಿರ ಸುಳಿಯುವ ಹಾಗಿಲ್ಲ. ಎಲ್ಲ ಹೇಳಿದೆ. ನೇರ ಪೊಲೀಸ್ ಸ್ಟೇಷನ್ನಿಗೇ ಬಾ ಎಂದರು. ಸ್ಟೇಷನ್ನಿನ ಹಿಂಬದಿಯ ಬೀದಿಯಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿ ಒಂದು ಕಬ್ಬಿಣದ ಗೇಟು, ಉದ್ದಕ್ಕೆ ಇಟ್ಟಿಗೆ ಗೋಡೆ. ಬೋರ್ಡು ಇದ್ದದ್ದು ತೀರಾ ಮೂಲೆಯಲ್ಲಿ.

ಗೇಟಿನಲ್ಲಿದ್ದ ಕಾನ್‌ಸ್ಟೇಬಲ್ ಹೆಂಗಸು ಒಳಗೆ ಬಾ ಎಂದಳು. ನಾನು ಹೋಗಲಿಲ್ಲ. ಅವನು ಏನೂ ಮಾಡದೆ ವಾಪಸ್ ಹೋದರೆ ಏನೂ ಮಾಡದವನಾಗಿಯೇ ಉಳಿದುಬಿಡುತ್ತಾನೆ... ಹಿಂದಿನ ಸೀಟಿನಲ್ಲಿ ನನ್ನ ದಿಂಬು, ಬ್ಯಾಗು ಜೋಡಿಸಿ ಮೇಲೆ ಕಂಬಳಿ ಹೊದಿಸಿದೆ. ಬಿಲ್ಲೆ ಸಮೇತ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಡ್ರೈವರ್ ಸೀಟಿನಲ್ಲಿ ತಲೆ ತಗ್ಗಿಸಿ ಕೂತು ಕನ್ನಡಿಯಲ್ಲಿ ಕಣ್ಣಿಟ್ಟೆ.

ಬಂದ!

ಒಳ್ಳೆಯ ಜಾಕೆಟ್ಟು, ನೀಟಾಗಿ ಬಾಚಿದ ತಲೆ. ಮೂಗು ಥೇಟ್ ಸರಸ್ವತಿಯದೇ. ಒಂದು ಕೈಯಲ್ಲಿ ವೀಲ್ ಸ್ಪ್ಯಾನರ್, ಇನ್ನೊಂದರಲ್ಲಿ ಫೋನು. ಕಣ್ಣು ಫೋನಿನ ಚುಕ್ಕಿಯಲ್ಲೇ ನೆಟ್ಟಿತ್ತು. ಬೋರ್ಡು ನೋಡಲಿಲ್ಲ, ಗೋಡೆ ನೋಡಲಿಲ್ಲ. ಅವನದೂ ಗೈಡ್ ಇಲ್ಲದ ವಾಕಿಂಗ್ ಟೂರೇ!

"ಸಂಯು..." ದನಿ ಬೆಣ್ಣೆಯ ಹಾಗಿತ್ತು. "ಎದ್ದೇಳು ಚಿನ್ನಾ. ಮನೆಗೆ ಹೋಗೋಣ."

ಕಂಬಳಿ ಅಲುಗಾಡಲಿಲ್ಲ.

"ಏಳೇ!"

ಢಮಾರ್! ಹಿಂದಿನ ಕಿಟಕಿಯ ಗಾಜು ಪುಡಿಪುಡಿ. ಎರಡನೇ ಏಟು ನೇರ ಕಂಬಳಿಯ ಮೇಲೆ, ತಲೆ ಇರಬೇಕಾದ ಜಾಗಕ್ಕೆ! ದಿಂಬು ಹರಿದು ಹತ್ತಿ ಹಾರಿತು. ಆ ಕಂಬಳಿಯಡಿ ಅವಳು ಇದ್ದಿದ್ದರೆ...

ನಾನು ಬಾಗಿಲು ತೆರೆದು ಇಳಿದೆ.

"ಪುಟ್ಟಾ!"

ಅಮ್ಮ ಕೂಗಿದ ಹಾಗೆ ತಟ್ಟನೆ ತಿರುಗಿದ. ಒಂದೇ ಕ್ಷಣ. ಆಮೇಲೆ ಸ್ಪ್ಯಾನರ್ ನನ್ನ ಕಡೆ ಬೀಸಿ ಬಂತು. ತೋಳು ಅಡ್ಡ ಹಿಡಿದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಕಬ್ಬಿಣದ ಗೇಟು ತೆರೆಯಿತು. ಪೊಲೀಸರು ಅವನನ್ನು ನೆಲಕ್ಕೆ ಕೆಡವಿದರು.

"ಇದು ಯಾವ ಸ್ಟಾಪ್ ಅಂತ ಗೊತ್ತುಂಟಾ ಪುಟ್ಟಾ?" ನಾನು ಕೇಳಿದೆ. "ತಲೆ ಎತ್ತಿ ಬೋರ್ಡು ಓದು!"

ತೋಳಿಗೆ ಪ್ಲಾಸ್ಟರ್ ಹಾಕಿಸಿಕೊಂಡು ವಿಮಾನದಲ್ಲಿ ಸಿಡ್ನಿಗೆ ಬಂದೆ. ಏರ್‌ಪೋರ್ಟಿನಿಂದ ಮನೆಗೆ ಹೋಗಲಿಲ್ಲ. ದಿ ಪಾಂಡ್ಸ್‌ಗೆ ಹೋದೆ.

"ಡೋರಾ! ಕೈಗೇನಾಯ್ತೇ?"

"ನಿನ್ನ ಪುಟ್ಟ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಒಳಗೆ ನಡೆದು ಯಾವತ್ತಿನ ಕುರ್ಚಿಯಲ್ಲೇ ಕೂತೆ.

"ನನ್ನ ಕಾಲು ಹಿಡ್ಕೊಂಡು ಅತ್ತ ಕಣೇ. ಬರೀ ಮಾತಾಡಿ ಕರ್ಕೊಂಡ್ಬರ್ತೀನಿ ಅಂದ. ಸಂಸಾರ ಒಂದಾಗ್ಲಿ ಅಂತ..."

"ಅವಳ ಕೈ ಮುರಿದದ್ದು ಗೊತ್ತಿತ್ತಾ?"

ಅವಳು ಒಲೆಯ ಕಡೆ ನೋಡಿದಳು.

"ಒಂದ್ಸಲ... ಕೋಪದಲ್ಲಿ..."

"ಗೊತ್ತಿತ್ತು."

"ನಿಜ ಹೇಳಿದ್ರೆ ನೀನು ಹುಡುಕ್ತಿರ್ಲಿಲ್ಲ ಡೋರಾ."

"ಇಲ್ಲ. ಅದಕ್ಕೇ ನೀನು ನನ್ನ ಹಸಿವಿನಲ್ಲಿ ಆ ಟ್ರ್ಯಾಕರ್ ಬಚ್ಚಿಟ್ಟದ್ದು."

ಅವಳು ಅಳತೊಡಗಿದಳು. ಆ ಅಳುವಿಗೆ ನಾನು ಎಷ್ಟು ಸಲ ಹೆಗಲು ಕೊಟ್ಟಿದ್ದೆ! ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಬ್ಯಾಗಿನಿಂದ ನೀಲಿ ಮುಚ್ಚಳದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

"ತೆಗಿ. ಖಾಲಿ ಕೊಡುವ ಕ್ರಮ ನಮ್ಮಲ್ಲಿ ಇಲ್ಲ ಅಲ್ವಾ?"

ಮುಚ್ಚಳ ತೆರೆದಳು. ತುಂಬ ಗಾಜಿನ ಚೂರು... ನನ್ನ ಗಾಡಿಯ ಕಿಟಕಿ. ಕೆಲವಕ್ಕೆ ಇನ್ನೂ ಹತ್ತಿ ಅಂಟಿಕೊಂಡಿತ್ತು.

ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದಳು. ಅವಳ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಪುಟ್ಟನ್ನ ಎಲ್ಲಿಟ್ಟಿದಾರೆ ಡೋರಾ?"

ನಾನು ಬಾಗಿಲ ತನಕ ಹೋಗಿ ತಿರುಗಿ ನಿಂತೆ.

"ನಾಲ್ಕು ಗೋಡೆಯ ರೂಮು ಸರಸು. ಟೂರ್ ಬೇಗ ಮುಗಿಯುತ್ತದೆ, ಗೈಡ್ ಬೇಡ... ಉತ್ತರದ ಗೋಡೆಗೂ ಬಿಸಿಲಿಲ್ಲ!"