ಆ ಜಾಗ ಹಾಗೇ ಇರಲಿ

"ಬಾಗಿಲು ಹಾಕಿ."

ಅವಳು ಒಳಗೆ ಬಂದು ಬಾಗಿಲು ಹಾಕಿದಳು.

"ಹೊರಗಿಂದ ಹಾಕಿ ಅಂದೆ."

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಡಿಚಿದ ಸ್ಟ್ಯಾಂಡು, ಹೆಗಲಿಗೆ ಬಳೆಯಂತಹ ದೊಡ್ಡ ಲೈಟು. ಇಷ್ಟನ್ನೂ ಹೊತ್ತು ಮೂರು ಮಹಡಿ ಹತ್ತಿ ಬಂದವಳಿಗೆ ಇದೆಂಥ ಸ್ವಾಗತ!

ಕುರ್ಚಿಯ ತುದಿಯಲ್ಲಿ ಕೂತಿದ್ದ ಪಿಟೀಲಿನವನು ಕಮಾನನ್ನು ಗಾಳಿಯಲ್ಲೇ ಹಿಡಿದಿದ್ದ. ಅವಳತ್ತ ತಿರುಗಿಯೂ ನೋಡಿರಲಿಲ್ಲ.

"ನಾನು ಉತ್ಸವದ ಪ್ರಚಾರದವಳು. ಕಾರ್ಯದರ್ಶಿಗಳು ನಿಮಗೆ ಹೇಳಿರಬೇಕು..."

"ಹೇಳಿದ್ರು. ಬೇಡ ಅಂತ ನಾನೂ ಹೇಳಿದ್ದೆ."

"ಅದನ್ನ ಅವರು ನನಗೆ ಹೇಳಲಿಲ್ವಲ್ಲ!"

"ಈಗ ನಾನು ಹೇಳ್ತಿದ್ದೀನಲ್ಲ."

*ಅಬ್ಬಾ, ಎಂಥ ಸಿಡುಕು ಮೋರೆ...* ಅಂದುಕೊಂಡಳು. ಆದರೂ ಕಾಲು ಹೊರಡಲಿಲ್ಲ. ಮೆಟ್ಟಿಲು ಹತ್ತುವಾಗ ಬಾಗಿಲ ಸಂದಿಯಿಂದ ಹರಿದು ಬಂದ ನಾದ ಇನ್ನೂ ಕಿವಿಯಲ್ಲೇ ಇತ್ತು.

"ಅರ್ಧ ನಿಮಿಷ ನುಡಿಸಿ, ಸಾಕು. ಶೂಟ್ ಮಾಡ್ಕೊಂಡು ಹೋಗ್ತೀನಿ."

"ಅರ್ಧ ನಿಮಿಷದಲ್ಲಿ ನನಗೆ ಒಂದು ತಂತಿ ಶ್ರುತಿ ಮಾಡೋಕೂ ಆಗಲ್ಲ."

"ನಮ್ಮ ಜನ ಅರ್ಧ ನಿಮಿಷಕ್ಕಿಂತ ಹೆಚ್ಚು ಏನನ್ನೂ ನೋಡಲ್ಲ."

"ಪಾಪ," ಅಂದ ಅವನು.

ಆಗ ಅವನು ಮೊದಲ ಸಲ ತಿರುಗಿ ನೋಡಿದ. ಹೆಗಲ ಲೈಟು ಜಾರಿ ಕುತ್ತಿಗೆಗೆ ಹಾರದ ಹಾಗೆ ಬಿದ್ದಿದ್ದ ಹುಡುಗಿಯನ್ನು ಕಂಡು ನಗು ತಡೆಯಲು ಕೆಮ್ಮಿದ. ಅದು ಕೆಮ್ಮಲ್ಲ ಅಂತ ಅವಳಿಗೆ ಗೊತ್ತಾಯಿತು.

"ಒಂದು ಕೆಲಸ ಮಾಡಿ. ಒಂದು ವಾರ ಫೋನಿಲ್ಲದೆ ಬಂದು ಕೂತು ಕೇಳಿ. ಆಮೇಲೆ ಏನು ಬೇಕಾದ್ರೂ ಶೂಟ್ ಮಾಡಿ."

"ಫೋನಿಲ್ಲದೆನಾ?!"

"ಉಸಿರಾಡೋಕೆ ಫೋನ್ ಬೇಕಿಲ್ಲ ಅಂದ್ಕೊಂಡಿದ್ದೀನಿ."

ಅವಳಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತೋತ್ಸವಕ್ಕೆ ಬರುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಕಳೆದ ಸಲ ಮುಂದಿನ ಸಾಲಿನವರು ತಲೆದೂಗುತ್ತಿದ್ದಾರೆಂದು ಕಾರ್ಯದರ್ಶಿ ಹಿಗ್ಗಿದ್ದರಂತೆ. ಹತ್ತಿರ ಹೋಗಿ ನೋಡಿದರೆ ತೂಕಡಿಕೆ! ಈ ಸಲ ಸಭಾಂಗಣ ತುಂಬದಿದ್ದರೆ ಇದೇ ಕೊನೆಯ ಉತ್ಸವ ಎಂದು ಸಮಿತಿ ತೀರ್ಮಾನಿಸಿತ್ತು.

"ಹುಡುಗರನ್ನ ಕರ್ಕೊಂಡು ಬಾಮ್ಮ. ಹೇಗೆ ಅಂತ ನನ್ನ ಕೇಳಬೇಡ," ಅಂದಿದ್ದರು ಕಾರ್ಯದರ್ಶಿ.

ಅವಳು ಕಾಲೇಜುಗಳ ಕ್ಯಾಂಟೀನುಗಳಲ್ಲಿ ಕೂತು ಕಂಡವರನ್ನೆಲ್ಲ ಕೇಳಿದ್ದಳು, ಯಾಕೆ ಬರುವುದಿಲ್ಲವೆಂದು. ಬೇಜಾರು ಅನ್ನುತ್ತಾರೆಂದು ಅವಳ ಊಹೆ. ಒಬ್ಬ ಹುಡುಗಿ ಹೇಳಿದ್ದೇ ಬೇರೆ: "ಚಪ್ಪಾಳೆ ಯಾವಾಗ ತಟ್ಟಬೇಕು ಅಂತ ಗೊತ್ತಾಗಲ್ಲಕ್ಕಾ. ಒಂದ್ಸಲ ತಪ್ಪು ಜಾಗದಲ್ಲಿ ತಟ್ಟಿದೆ. ಎಲ್ರೂ ತಿರುಗಿ ನೋಡಿದ್ರು. ಅವತ್ತಿಂದ ಹೋಗಿಲ್ಲ."

ಆ ಮಾತು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಇವರನ್ನು ಹೇಗಾದರೂ ಒಳಗೆ ಸೇರಿಸಿಕೊಳ್ಳಬೇಕು, ಸಂಗೀತ ಬೇರೆಯವರ ಮನೆಯ ಹಾಗೆ ಅನ್ನಿಸಬಾರದು ಎಂದು ಹಟ ಹಿಡಿದಿದ್ದಳು.

ಮೊದಲ ದಿನ ಅವನ ಕೋಣೆಯ ಮೂಲೆಯಲ್ಲಿ ಕೂತು ಅವಳೇ ನಿದ್ದೆ ಹೋದಳು.

"ಚೆನ್ನಾಗಿತ್ತು," ಅಂದಳು ಎದ್ದು, ಕೆನ್ನೆಯ ಮೇಲೆ ಮೂಡಿದ ಚೀಲದ ಜಿಪ್ಪಿನ ಗುರುತು ಉಜ್ಜಿಕೊಳ್ಳುತ್ತ.

"ಗೊತ್ತಾಯ್ತು. ಗೊರಕೆ ಶ್ರುತಿಯಲ್ಲೇ ಇತ್ತು."

ಮಾರನೆಯ ದಿನ ನಿದ್ದೆ ಬರಲಿಲ್ಲ. ಅದರ ಮಾರನೆಯ ದಿನ ಅವನು ಒಂದೇ ಸಾಲನ್ನು ಮತ್ತೆ ಮತ್ತೆ ತಿದ್ದುವುದನ್ನು ಕೇಳುತ್ತ, ಎಲ್ಲಿ ಅವನಿಗೆ ಸಮಾಧಾನವಾಗುತ್ತಿಲ್ಲ ಎನ್ನುವುದು ಅವಳಿಗೂ ಗೊತ್ತಾಗತೊಡಗಿತು. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಕಿಟಕಿಯ ಹತ್ತಿರ ನಿಂತು ಟೀ ಕುಡಿಯುತ್ತಿದ್ದರು. ಅವಳು ಕಾಲೇಜು ಹುಡುಗರ ಮಾತುಗಳನ್ನು ಅಭಿನಯಿಸಿ ತೋರಿಸುವಳು. ಅವನು ಕೆಮ್ಮುವುದನ್ನು ಬಿಟ್ಟು ಬಾಯ್ತುಂಬ ನಗುವುದನ್ನು ಕಲಿತ.

ವಾರ ಮುಗಿಯುವ ಹೊತ್ತಿಗೆ ಅವನು ಒಂದು ನಿಧಾನದ ರಚನೆಯನ್ನು ನುಡಿಸಿದ.

ಅದರಲ್ಲೊಂದು ವಿಚಿತ್ರವಿತ್ತು. ಒಂದು ಸಾಲು ನುಡಿಸಿ ಕಮಾನು ಮೇಲೆತ್ತಿ ಸುಮ್ಮನಾಗುತ್ತಿದ್ದ. ಮತ್ತೆ ಮುಂದಿನ ಸಾಲು. ಮತ್ತೆ ಮೌನ. ಕೇಳಿದವರು ಅದನ್ನು ಅವನ ಶೈಲಿ ಅನ್ನುತ್ತಿದ್ದರು. ಅವಳಿಗೆ ಹಾಗನ್ನಿಸಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದಿಟ್ಟು ಯಾರೋ ಬರಲಿ ಎಂದು ಕಾಯುವವನ ಹಾಗೆ ಕಂಡ.

ಯಾರಿಗಾಗಿ ಎಂದು ಮಾತ್ರ ಅವಳು ಕೇಳಲಿಲ್ಲ.

"ಇದನ್ನೇ ತಗೊಳ್ಳಿ," ಅಂದ ಅವನು. "ನೀವು ಸರಿಯಾಗಿ ಕೇಳ್ತೀರಿ ಅಂತ ಗೊತ್ತಾಯ್ತು."

ಆ ಮಾತು ಕೇಳಿ ಅವಳು ಮೂರು ಮಹಡಿ ಇಳಿದದ್ದೇ ಗೊತ್ತಾಗಲಿಲ್ಲ!

ಆ ಸಂತೋಷದಲ್ಲೇ ಅವಳು ಒಂದು ತಪ್ಪು ಮಾಡಿದಳು.

ಮಾರನೆಯ ದಿನ ಫೋನು ತಂದು ಇಡೀ ರಚನೆಯನ್ನು ಶೂಟ್ ಮಾಡಿಕೊಂಡಳು. ಒಂದು ಸಾಲು, ಅದರ ನಂತರದ ಮೌನ. ಅಷ್ಟನ್ನೇ ಕತ್ತರಿಸಿ ಉತ್ಸವದ ಪುಟದಲ್ಲಿ ಹಾಕಿ ಕೆಳಗೆ ಬರೆದಳು: *ಯಾರಿಗೋ ಕಾದಿಟ್ಟ ಜಾಗವಿದು. ನೀವು ತುಂಬುತ್ತೀರಾ? ನಿಮ್ಮ ದನಿ ಸೇರಿಸಿ ಕಳಿಸಿ.*

ಜನ ಮುಗಿಬಿದ್ದರು. ಒಬ್ಬಳು ಗುನುಗಿದಳು, ಒಬ್ಬ ಸಿಳ್ಳೆ ಹಾಕಿದ. ಬಸ್ ಡ್ರೈವರೊಬ್ಬರು ಹಾರ್ನ್ ಒತ್ತಿ ಕಳಿಸಿದರು. ಒಂದು ಮನೆಯವರು ಮಿಕ್ಸಿಯನ್ನೇ ತಿರುಗಿಸಿದ್ದರು. ಸಂಗೀತದ ಗಾಳಿಯೂ ಸೋಕದವರೆಲ್ಲ ಆ ಸಾಲನ್ನು ಬಾಯಿಪಾಠ ಮಾಡಿಕೊಂಡರು. ಟಿಕೆಟುಗಳು ಬಿಸಿ ದೋಸೆಯಂತೆ ಖಾಲಿಯಾದವು. ಕಾರ್ಯದರ್ಶಿ ಅವಳ ಮೇಜಿಗೆ ಬಂದು, "ಏನಮ್ಮಾ, ಮಂತ್ರ ಗಿಂತ್ರ ಹಾಕ್ತೀಯಾ?" ಎಂದು ಹಣೆ ಮುಟ್ಟಿ ನೋಡಿದರು.

ಅವನಿಗೆ ಮಾತ್ರ ಇದೇನೂ ಗೊತ್ತಿರಲಿಲ್ಲ. ಅವನ ಫೋನು ಕರೆ ಬಂದರೆ ಸಾಕೆನ್ನುವಂಥದ್ದು. ಉತ್ಸವಕ್ಕೆ ಮುಂಚೆ ಕೂದಲು ಕತ್ತರಿಸಿಕೊಳ್ಳಲು ಕೂತಾಗ ಗೊತ್ತಾಯಿತು.

"ಇದು ನಿಮ್ಮದೇ ಅಲ್ವಾ ಸಾರ್? ನಾನೂ ಹಾಕಿದ್ದೀನಿ ನೋಡಿ!" ಅಂದ ಕ್ಷೌರದವನು, ಹೆಮ್ಮೆಯಿಂದ. ಫೋನಿನಲ್ಲಿ ಪಿಟೀಲು ಒಂದು ಸಾಲು ನುಡಿಯಿತು. ಆಮೇಲೆ ಮೌನವಿರಬೇಕಾದಲ್ಲಿ ಕತ್ತರಿ ಚಕಚಕ ಅಂದಿತು. ಕೆಳಗೆ ಅವಳು ಬರೆದದ್ದನ್ನೂ ಬೇರೆಯವರ ಹಾರ್ನು, ಮಿಕ್ಸಿಗಳನ್ನೂ ಕ್ಷೌರದವನು ತೋರಿಸಿದ.

ಅವನು ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೊರಟ.

ಅವಳ ಆಫೀಸಿನ ಬಾಗಿಲು ದಡಾರನೆ ತೆರೆದಾಗ ಅವಳಿಗೆ ಮೊದಲು ಬಂದದ್ದು ನಗು. ಒಂದು ಕಡೆ ಕೂದಲಿದೆ, ಇನ್ನೊಂದು ಕಡೆ ಇಲ್ಲ! ಅವನ ಮುಖ ನೋಡಿದಾಗ ಆ ನಗು ಅಲ್ಲೇ ನಿಂತಿತು.

"ಯಾರು ಹೇಳಿದ್ದು ನಿಮಗೆ? ಕಾರ್ಯದರ್ಶಿನಾ?"

"ಏನನ್ನ?"

"ಕಾದಿಟ್ಟ ಜಾಗ ಅಂತ ಬರ್ದಿದ್ದೀರಲ್ಲ! ಎಲ್ಲಾ ತಿಳ್ಕೊಂಡೇ ಮಾಡಿದ್ದೀರಿ, ಅಲ್ವಾ? ಅದು ಇಬ್ರು ನುಡಿಸೋ ರಚನೆ. ಆ ಜಾಗದಲ್ಲಿ ನನ್ನ ಅಕ್ಕ ನುಡಿಸ್ತಿದ್ಲು."

"ಅವರು ಈಗ..."

"ಇಲ್ಲ. ತೀರ್ಕೊಂಡ್ಲು. ಅದಕ್ಕೇ ಖಾಲಿ ಬಿಡ್ತೀನಿ. ಅಲ್ಲಿ ಮಿಕ್ಸಿ ತಿರುಗಿಸಿದ್ದಾರೆ, ನೋಡಿದ್ರಾ? ನಿಮಗೆ ಜನ ಸಿಕ್ಕಿದ್ರಲ್ಲ, ಬಿಡಿ."

ಅವನು ಹೋದ. ನೆಲದ ಮೇಲೆ ಅವನ ಹೆಗಲಿಂದ ಉದುರಿದ ಕೂದಲ ಚೂರುಗಳಿದ್ದವು.

ಅವಳು ಪುಟದಿಂದ ಆ ವಿಡಿಯೋ ತೆಗೆದಳು. ಆದರೆ ಅದು ಆಗಲೇ ಸಾವಿರ ಮನೆಗಳ ಪಾಲಾಗಿತ್ತು. ಅವನು ಕರೆ ತೆಗೆದುಕೊಳ್ಳಲಿಲ್ಲ. ಮೂರನೆಯ ಮಹಡಿಯ ಬಾಗಿಲು ತೆರೆಯಲಿಲ್ಲ. ಕಾರ್ಯದರ್ಶಿಗೆ ಒಂದೇ ಮಾತು ಹೇಳಿ ಕಳಿಸಿದ್ದ: ಉತ್ಸವದಲ್ಲಿ ನುಡಿಸುತ್ತೇನೆ, ಆದರೆ ಆ ರಚನೆ ನುಡಿಸುವುದಿಲ್ಲ.

"ಅವರೆಲ್ಲ ಬರ್ತಿರೋದೇ ಅದಕ್ಕೆ!" ಕಾರ್ಯದರ್ಶಿ ತಲೆ ಚಚ್ಚಿಕೊಂಡರು. "ಹೇಗಾದ್ರೂ ಮಾಡಿ ಅವರ ಕೈಲಿ ನುಡಿಸೋಣ. ಇಡೀ ಸಭಾಂಗಣ ಒಟ್ಟಿಗೆ ಗುನುಗಲಿ, ಅದನ್ನ ರೆಕಾರ್ಡ್ ಮಾಡೋಣ. ಜನರ ತಲೆ ಮೇಲೆ ಮೈಕು ಕಟ್ಟಿಸಿದ್ದೀನಿ!"

ಮನೆಯಲ್ಲಿ ಅತ್ತಿಗೆ ಅವಳ ತಟ್ಟೆಯನ್ನು ನೋಡಿ ಕೇಳಿದಳು, "ಏನೇ, ಊಟ ಬಿಟ್ಟು ಅನ್ನದ ಅಗಳು ಎಣಿಸ್ತಿದ್ದೀಯಾ?"

ಅವಳು ಎಲ್ಲವನ್ನೂ ಹೇಳಿದಳು.

"ಗೊತ್ತಿಲ್ದೆ ಮಾಡಿದ್ದು ತಾನೇ? ಅಷ್ಟಕ್ಕೆ ಹೀಗಾ?"

"ಗೊತ್ತಿಲ್ದೆ ಅಲ್ಲ ಅತ್ತಿಗೆ. ಯಾರಿಗೋ ಕಾದಿಟ್ಟ ಜಾಗ ಅಂತ ನಾನೇ ಬರ್ದೆ. ಯಾರಿಗೆ ಅಂತ ಒಂದು ಮಾತು ಕೇಳಿದ್ನಾ? ದಿನಾ ಎದುರಿಗೇ ಕೂತಿದ್ದೆ. ಟೀ ಕುಡೀತಿದ್ದೆ. ಕೇಳಲಿಲ್ಲ..." ಕಣ್ಣು ತುಂಬಿ ಬಂತು.

ಅತ್ತಿಗೆ ಅವಳನ್ನೇ ದಿಟ್ಟಿಸಿದಳು. "ಹೂಂ... ಇದು ಬರೀ ಉತ್ಸವದ ಅಳು ಅಲ್ಲ."

"ಅತ್ತಿಗೇ!"

"ಹೋಗಿ ಹೇಳೇ ಅವನಿಗೆ."

"ಬಾಗಿಲೇ ತೆಗೆಯಲ್ಲ."

"ಹಾಗಾದ್ರೆ ಬಾಗಿಲಿಲ್ಲದ ಕಡೆ ಹೇಳು. ಪಿಟೀಲಿನವನು, ಕಿವಿ ಚೆನ್ನಾಗೇ ಇರ್ತವೆ."

ಉತ್ಸವದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಬೆನ್ನಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಮೆಟ್ಟಿಲ ಮೇಲೂ ಕೂತಿದ್ದರು. ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಆಗಲೇ ಗುನುಗು ಶುರುವಾಗಿತ್ತು. ಪರದೆಯ ಮರೆಯಲ್ಲಿ ಪಿಟೀಲಿನವನು ಒಬ್ಬನೇ ನಿಂತು ತಂತಿ ಸರಿಮಾಡುತ್ತಿದ್ದ. ಕೂದಲು ಈಗ ಎರಡೂ ಕಡೆ ಸಮನಾಗಿತ್ತು. ಅವಳು ಎದುರಿಂದಲೇ ಹಾದುಹೋದಳು. ಅವನು ತಲೆ ಎತ್ತಲಿಲ್ಲ.

ಅವಳು ನೇರವಾಗಿ ವೇದಿಕೆಗೆ ನಡೆದಳು.

"ನಮಸ್ಕಾರ. ನೀವೆಲ್ಲ ನೋಡಿದ ಆ ವಿಡಿಯೋ ಹಾಕಿದವಳು ನಾನು."

ಸಿಳ್ಳೆ, ಚಪ್ಪಾಳೆ! ಪಕ್ಕದಲ್ಲಿ ಕಾರ್ಯದರ್ಶಿ ಹಲ್ಲು ಬಿಟ್ಟು ನಿಂತರು.

"ಅದು ತಪ್ಪು. ಆ ಜಾಗ ತುಂಬಿ ಅಂತ ನಿಮ್ಮನ್ನ ಕೇಳೋ ಹಕ್ಕು ನನಗೆ ಇರಲಿಲ್ಲ. ಅದಕ್ಕೆ ಒಡೆಯರಿದ್ದಾರೆ. ಅವರು ಇವತ್ತು ಇಲ್ಲಿ ಇಲ್ಲ. ಅದು ಯಾರು ಅಂತ ನಾನು ಹೇಳಲ್ಲ, ಅದೂ ನನ್ನದಲ್ಲ. ಆ ರಚನೆ ಇವತ್ತು ನುಡಿಸ್ತಾರೋ ಇಲ್ವೋ ನನಗೆ ಗೊತ್ತಿಲ್ಲ. ನುಡಿಸಿದ್ರೆ, ಆ ಜಾಗ ಹಾಗೇ ಇರಲಿ. ಯಾರೂ ಗುನುಗಬೇಡಿ."

ಕಾರ್ಯದರ್ಶಿಯ ಹಲ್ಲು ಒಳಗೆ ಹೋದವು.

"ಇಷ್ಟು ದಿನದಿಂದ ಪ್ರಾಕ್ಟೀಸ್ ಮಾಡಿದ್ದೀವಿ ಮೇಡಂ!" ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಕೆಲವರು ಗೊಣಗಿದರು.

"ಗೊತ್ತು. ಕ್ಷಮಿಸಿ. ನನ್ನ ಬೈಯೋರು ಬೈಯಿರಿ, ಮುಗಿದ ಮೇಲೆ ಹೊರಗಿನ ಬಾಗಿಲ ಹತ್ರ ನಿಂತಿರ್ತೀನಿ. ಒಬ್ರೂ ಬೈಯದೆ ಮನೆಗೆ ಹೋಗಬೇಡಿ. ಮತ್ತೆ... ಚಪ್ಪಾಳೆ ಯಾವಾಗ ಬೇಕಾದ್ರೂ ತಟ್ಟಿ. ಯಾರೂ ತಿರುಗಿ ನೋಡಲ್ಲ."

ಅವಳು ಇಳಿದು ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಳು. *ಕೆಲಸ ಹೋಯ್ತು. ಅವನೂ ಹೋದ. ಎರಡೂ ನಾನೇ ಕಳ್ಕೊಂಡೆ...*

ಅವನು ಬಂದು ಕೂತ. ಬೇರೆ ಬೇರೆ ರಚನೆಗಳನ್ನು ನುಡಿಸಿದ. ತಪ್ಪು ಜಾಗಗಳಲ್ಲೆಲ್ಲ ಚಪ್ಪಾಳೆ ಬಿತ್ತು. ಒಮ್ಮೆ ಅವನಿಗೇ ನಗು ಬಂತು. ಕೊನೆಯಲ್ಲಿ ಪಿಟೀಲು ಕೆಳಗಿಳಿಸಿ ತುಸು ಯೋಚಿಸಿದ. ಮತ್ತೆ ಹೆಗಲಿಗೆ ಏರಿಸಿದ.

ಅದೇ ಸಾಲು.

ಸಾಲು ಮುಗಿಯಿತು. ಕಮಾನು ಮೇಲೇರಿತು.

ಯಾರೂ ಗುನುಗಲಿಲ್ಲ.

ಬರೀ ಫ್ಯಾನುಗಳ ಸದ್ದು. ಮೆಟ್ಟಿಲ ಮೇಲಿದ್ದ ಒಬ್ಬಳು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಸಾವಿರ ಜನಕ್ಕೆ ಬಾಯಿಪಾಠವಾಗಿದ್ದ ಜಾಗ, ಸಾವಿರ ಜನವೂ ಅದನ್ನು ಮುಟ್ಟಲಿಲ್ಲ. ಅವನು ಕಣ್ಣು ಮುಚ್ಚಿದ್ದ. ಮುಂದಿನ ಸಾಲು ಶುರುವಾಗಬೇಕಿದ್ದ ಹೊತ್ತು ಬಂತು, ಹೋಯಿತು. ಅವನು ಕಾದ. ಅವರೂ ಕಾದರು. ಆಮೇಲೆ, ನಿಧಾನವಾಗಿ, ಕಮಾನು ಇಳಿಯಿತು.

ಗೋಡೆಗೊರಗಿದ್ದವಳು ಅಳುತ್ತಿದ್ದಳು.

ಮುಗಿದ ಮೇಲೆ ಬಾಗಿಲ ಹತ್ತಿರ ನಿಜಕ್ಕೂ ಸಾಲು ನಿಂತಿತು! ಒಬ್ಬ ಹುಡುಗ ಗದರಿದ, "ನನ್ನ ಸಿಳ್ಳೆ ವೇಸ್ಟ್ ಆಯ್ತು ಮೇಡಂ." ಒಬ್ಬಳು ಬೈಯಲು ಬಂದವಳು ಅಪ್ಪಿಕೊಂಡು ಹೋದಳು. ಕಾರ್ಯದರ್ಶಿ ಬಂದು, "ಬೈಬೇಕು ಅಂತಾನೇ ಬಂದೆ," ಅಂದು ಕನ್ನಡಕ ತೆಗೆದು ಒರೆಸಿಕೊಂಡು ಸುಮ್ಮನೆ ಹೋದರು.

ಸಾಲಿನ ಕೊನೆಯಲ್ಲಿ ಪಿಟೀಲಿನ ಪೆಟ್ಟಿಗೆ ಹಿಡಿದು ಅವನು ನಿಂತಿದ್ದ.

"ನೀವೂನಾ?" ಅಂದಳು ಅವಳು.

"ಹೂಂ. ಒಬ್ರೂ ಬೈಯದೆ ಹೋಗಬೇಡಿ ಅಂದ್ರಲ್ಲ."

"ಬೈಯಿರಿ."

ಅವನು ಬೈಯಲಿಲ್ಲ. "ಕಾರ್ಯದರ್ಶಿಗಳನ್ನ ಈಗ ತಾನೇ ಕೇಳಿದೆ. ಅಕ್ಕನ ವಿಷಯ ನಿಮಗೆ ಹೇಳೇ ಇಲ್ವಂತೆ. ಮತ್ತೆ ಹೇಗೆ ಗೊತ್ತಾಯ್ತು, ಅದು ಕಾದಿಟ್ಟ ಜಾಗ ಅಂತ?"

"ಕೇಳಿಸ್ತು."

ಅವನು ಅವಳನ್ನೇ ನೋಡಿದ.

"ಕೇಳಿಸ್ತು," ಅಂದಳು ಮತ್ತೆ. "ಆದ್ರೆ ಕೇಳಲಿಲ್ಲ, ಯಾರಿಗೆ ಅಂತ. ಅದೇ ನನ್ನ ತಪ್ಪು. ಅದಕ್ಕೆ ಎಷ್ಟು ಕ್ಷಮೆ ಕೇಳಿದ್ರೂ..."

"ಆ ಜಾಗದಲ್ಲಿ ನಾನು ಯಾವತ್ತೂ ಒಬ್ಬನೇ ಇರ್ತಿದ್ದೆ," ಅಂದ ಅವನು ಮೆಲ್ಲಗೆ. "ಬೇಗ ದಾಟಿಬಿಡ್ತಿದ್ದೆ. ಇವತ್ತು ಹೊರಡೋಕೆ ಮನಸ್ಸೇ ಬರಲಿಲ್ಲ. ಅಷ್ಟು ಜನ ಜೊತೆಗಿದ್ರು. ನೀವು ಹಿಂದೆ ಗೋಡೆ ಹತ್ರ ಇದ್ರಿ."

"ಕಣ್ಣು ಮುಚ್ಚಿದ್ರಿ. ನಾನು ಅಲ್ಲಿದ್ದೆ ಅಂತ ಹೇಗೆ ಗೊತ್ತು?"

"ಮೂಗು ಸುರ್ ಅಂತಿತ್ತು. ಇಡೀ ಹಾಲಲ್ಲಿ ಫ್ಯಾನು ಬಿಟ್ರೆ ಅದೊಂದೇ ಸದ್ದು."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಆಮೇಲೆ, ಇನ್ನು ತಡೆದರೆ ಆಗದು ಎನ್ನುವ ಹಾಗೆ, ನೆಲ ನೋಡುತ್ತ ಹೇಳಿದಳು, "ನನಗೆ ನೀವಂದ್ರೆ ಇಷ್ಟ. ಉತ್ಸವಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. ಅವಳ ಕೈ ಹಿಡಿದುಕೊಂಡ. ಅವನ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದವು.

"ಬಾಗಿಲು ಹಾಕಿಕೊಂಡು ಕೂತಿದ್ದೆನಲ್ಲ, ಅಷ್ಟೂ ದಿನ ಅಭ್ಯಾಸ ಸರಿಯಾಗಲಿಲ್ಲ ನನಗೆ. ನೀನು ಕೂರ್ತಿದ್ದ ಮೂಲೆ ನೋಡ್ತಾ ಇರ್ತಿದ್ದೆ. ಅಕ್ಕ ಹೋದ ಮೇಲೆ ಅವಳ ಬಗ್ಗೆ ನಾನು ಯಾರ ಹತ್ರಾನೂ ಮಾತಾಡಿಲ್ಲ. ನಿನ್ನ ಹತ್ರ ಮಾತಾಡಬೇಕು ಅನ್ನಿಸ್ತಿದೆ. ಕೇಳ್ತೀಯಾ?"

ಅವಳು ಕಣ್ಣೊರೆಸಿಕೊಂಡು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ.

"ಹೇಗಿದ್ರು ನಿನ್ನ ಅಕ್ಕ?"

"ಜಗಳಗಂಟಿ." ಅವನ ದನಿ ಒಡೆಯಿತು, ಆದರೆ ತುಟಿಯಲ್ಲಿ ನಗುವಿತ್ತು. "ಎಲ್ಲಿಂದ ಶುರು ಮಾಡಲಿ?"

"ಜಗಳದಿಂದಲೇ ಶುರು ಮಾಡು," ಅಂದಳು ಅವಳು.